ಬೆಂಗಳೂರಿನ ಬಾಡಿಗೆ ಮನೆಯ ಗೋಡೆಗೆ ಪಿಕ್ಸೆಲ್ ಆರ್ಟ್ (ಸಣ್ಣ ಬಣ್ಣದ ಚೌಕಗಳಿಂದ ಮಾಡಿದ ಚಿತ್ರ) ಪ್ರಿಂಟ್ ಹಾಕಬೇಕು. ದೊಡ್ಡದು ಮಾಡಿದರೆ ಮಸುಕಾಗುತ್ತಿದೆ, ಏನು ಮಾಡಲಿ?

ತೊಂದರೆ ಇರುವುದು ಚಿತ್ರವನ್ನು ಹಿಗ್ಗಿಸುವ ರೀತಿಯಲ್ಲಿ. ಸಾಫ್ಟ್‌ವೇರ್ ಸಾಮಾನ್ಯವಾಗಿ ಅಕ್ಕಪಕ್ಕದ ಬಣ್ಣ ಬೆರೆಸಿ ಅಂಚನ್ನು ನಯ ಮಾಡಿಬಿಡುತ್ತದೆ. ಪಿಕ್ಸೆಲ್ ಆರ್ಟ್‌ನ ಜೀವವೇ ಆ ಚೌಕಗಳ ಚೂಪಾದ ಅಂಚು, ಅಲ್ವಾ? ಅದಕ್ಕೆ ಹಿಗ್ಗಿಸುವಾಗ ‘ನಿಯರೆಸ್ಟ್ ನೇಬರ್’ (ಬಣ್ಣ ಬೆರೆಸದೆ ಹಿಗ್ಗಿಸುವ ವಿಧಾನ) ಆಯ್ಕೆ ಮಾಡಿ. 10, 20, 50 ಹೀಗೆ ಪೂರ್ತಿ ಪಟ್ಟು ಮಾತ್ರ ಹಿಗ್ಗಿಸಿ, ಇಲ್ಲದಿದ್ದರೆ ಚೌಕಗಳು ಸಮ ಬರುವುದಿಲ್ಲ. 64×64ರ ಚಿತ್ರ 50 ಪಟ್ಟಾದರೆ 3200 ಪಿಕ್ಸೆಲ್. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸುಮಾರು 27 ಸೆಂ.ಮೀ. ಅಗಲ. ಪಿಎನ್‌ಜಿಯಲ್ಲೇ ಸೇವ್ ಮಾಡಿ. ಜೆಪೆಗ್ ಅಂಚಿನ ಸುತ್ತ ಕಲೆ ಎಬ್ಬಿಸುತ್ತದೆ.

ಅಂಗಡಿಯಲ್ಲಿ ಮ್ಯಾಟ್ (ಹೊಳಪಿಲ್ಲದ) ಪೇಪರ್ ಕೇಳಿ, ಅದರ ಮೇಲೆ ಟ್ಯೂಬ್‌ಲೈಟ್ ಬೆಳಕು ಜಾಸ್ತಿ ಹೊಳೆಯುವುದಿಲ್ಲ.

ಮೊಳೆ ಹೊಡೆಯಲು ಓನರ್ ಒಪ್ಪದಿದ್ದರೆ ಫ್ರೇಮ್ ಹಾಕಿಸಿ ಶೆಲ್ಫ್ ಮೇಲೆ ಗೋಡೆಗೆ ಒರಗಿಸಿಡಿ. ಡಬಲ್ ಟೇಪ್ ಮಾತ್ರ ಬೇಡ, ತೆಗೆಯುವಾಗ ಬಣ್ಣವೂ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯನ್ನೂ ಬಿಟ್ಟುಬಿಡಿ.