ಬನ್ನಿಮಂಟಪದ ಆಕಾಶ, ಬನ್ನಿಮಂಟಪದ ಗೇಟು

ನಮ್ಮ ದಸರಾ ಸಂಚಿಕೆಯ ವೈಮಾನಿಕ ಪ್ರದರ್ಶನದ ಲೇಖನ ಓದಿ ಮಂಡ್ಯದ ಹಿರಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಕೆಲವೇ ನಿಮಿಷಗಳ ಸರ್ಕಸ್ಸಿಗೆ ಎಣ್ಣೆ ಸುಡುವುದು, ಪೈಲಟ್‌ಗಳ ಜೀವವನ್ನು ಪಣಕ್ಕಿಡುವುದು ಸರಿಯೇ? ಆ ಸದ್ದಿಗೆ ದಸರಾ ಆನೆಗಳು ಬೆದರುವುದಿಲ್ಲವೇ? ಪಾಸ್ ಕೈಯಲ್ಲಿದ್ದರೂ ಗೇಟಿನಿಂದ ವಾಪಸಾದ ತಮ್ಮಂಥವರ ಬಗ್ಗೆ ಪತ್ರಿಕೆ ಒಂದು ಸಾಲನ್ನೂ ಏಕೆ ಬರೆಯಲಿಲ್ಲ? ಕೊನೆಯದಾಗಿ, ಪಿಯುಸಿ ಓದುತ್ತಿರುವ ಮೊಮ್ಮಗಳು ತಾನೂ ಆ ವಿಮಾನ ಹಾರಿಸಬೇಕೆಂದು ಹಟ ಹಿಡಿದಿದ್ದಾಳೆ. ಅವಳಿಗೆ ಏನು ಹೇಳಲಿ?

ಮಾನ್ಯರೇ,

ಸರ್ಕಸ್ ಎಂಬ ನಿಮ್ಮ ಮಾತಿಗೆ ನನ್ನ ತಕರಾರಿದೆ. 2023ರ ದಸರೆಯಲ್ಲಿ ಮೈಸೂರಿನ ಬನ್ನಿಮಂಟಪ ಮೈದಾನದ ಮೇಲೆ ಹಾರಿದ, ವಾಯುಪಡೆಯ ಸೂರ್ಯಕಿರಣ ತಂಡ ನಮ್ಮ ಬೀದರಿನದು. 1996ರಲ್ಲಿ ಅಲ್ಲೇ ಹುಟ್ಟಿತು. ಮೊದಲು ಎಚ್‌ಎಎಲ್ ತಯಾರಿಸಿದ ಕಿರಣ್ ವಿಮಾನಗಳಿದ್ದವು; 2011ರಲ್ಲಿ ಅವು ತಂಡ ಬಿಟ್ಟ ಮೇಲೆ ಕೆಲವು ವರ್ಷ ತಂಡವೇ ಇರಲಿಲ್ಲ. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಶುರುವಾಯಿತು. ಹಾಕ್ ತರಬೇತಿ ವಿಮಾನ. ಯುದ್ಧ ವಿಮಾನ ಹಾರಿಸಲು ಹೊರಟವರು ಪಳಗುವುದು ಅದರಲ್ಲಿ. ತಂಡದಲ್ಲಿರುವವರು ಬಹುತೇಕ ಹಾರಾಟದ ಮೇಷ್ಟ್ರುಗಳು. ಅವರು ಜನರ ಮುಂದೆ ತೋರಿಸುವುದು ತಮ್ಮ ಶಿಷ್ಯರಿಗೆ ಕಲಿಸುವ ವಿದ್ಯೆಯನ್ನೇ.

ಆ ವಿದ್ಯೆ ಎಂಥದು ನೋಡಿ. ಎರಡು ವಿಮಾನಗಳ ನಡುವಿನ ಅಂತರ ಐದು ಮೀಟರಿಗೂ ಕಡಿಮೆ. ಗಂಟೆಗೆ 600 ಕಿ.ಮೀ. ವೇಗವೆಂದರೆ ಮೈಸೂರಿನಿಂದ ನಿಮ್ಮ ಮಂಡ್ಯಕ್ಕೆ ನಾಲ್ಕೂವರೆ ನಿಮಿಷ. ಆ ವೇಗದಲ್ಲಿ ಐದು ಮೀಟರ್ ದಾಟಲು ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ ಸಾಕು. ಪಕ್ಕದ ವಿಮಾನದ ಪೈಲಟ್ ಚಾಮುಂಡಿ ಬೆಟ್ಟವನ್ನೂ ನೋಡುವುದಿಲ್ಲ, ನಮ್ಮ ನಿಮ್ಮ ತಲೆಗಳನ್ನೂ ನೋಡುವುದಿಲ್ಲ. ನಾಯಕನ ವಿಮಾನದ ಮೇಲಿನ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದುಕೊಂಡು, ಆ ಗೆರೆ ಅಲುಗದಂತೆ ಕಾಯುತ್ತಾನೆ. ನಾಯಕ ಮಗುಚಿದರೆ ತಾನೂ ಮಗುಚುತ್ತಾನೆ. ಆಗ ನೆಲ ತಲೆಯ ಮೇಲಿದೆಯೋ ಕಾಲಡಿಯಿದೆಯೋ ಎಂಬುದು ನಾಯಕನ ಚಿಂತೆ.

ಜೀವದ ಮಾತು. ನಿಮ್ಮ ಕಳವಳ ಸುಳ್ಳಲ್ಲ. 2019ರ ಫೆಬ್ರುವರಿ 19ರಂದು ಯಲಹಂಕದಲ್ಲಿ ಎರಡು ಹಾಕ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. 2006ರಲ್ಲಿ, 2009ರಲ್ಲಿ ಬೀದರ್ ಬಳಿಯೂ ತಂಡ ತನ್ನವರನ್ನು ಕಳೆದುಕೊಂಡಿದೆ. ಆದರೆ ಗಮನಿಸಿ, ಈ ಸಾವುಗಳೆಲ್ಲ ಸಂಭವಿಸಿದ್ದು ಅಭ್ಯಾಸದ ವೇಳೆ. ನಮ್ಮ ಚಪ್ಪಾಳೆಗಾಗಿ ಅವರು ಸತ್ತರು ಎಂದರೆ ಅವರ ಕಸುಬನ್ನು ನಾವು ಚಿಕ್ಕದು ಮಾಡಿದಂತೆ.

ಪ್ರೇಕ್ಷಕರ ಜೀವದ ಕಥೆ ಬೇರೆ. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡ ಹೊಗೆಯಲ್ಲಿ ಹೃದಯ ಬರೆಯುತ್ತಿತ್ತು. ಒಂಟಿ ವಿಮಾನವೊಂದು ಆ ಹೃದಯವನ್ನು ಸೀಳಿಕೊಂಡು ಜನರ ಕಡೆಗೇ ಬರಬೇಕಿತ್ತು. ಲೆಕ್ಕ ತಪ್ಪಿ ಮೂರು ವಿಮಾನಗಳು ಡಿಕ್ಕಿಯಾದವು, ಒಂದು ಜನರ ಮಧ್ಯೆಯೇ ಬಿತ್ತು. ಸತ್ತವರು 70 ಮಂದಿ. ಪ್ರೇಕ್ಷಕರತ್ತ ಮೂತಿ ಮಾಡಿ ಹಾರುವುದರ ಮೇಲೆ ಬಿಗಿ ನಿಯಮಗಳು ಬಂದದ್ದು ಆಮೇಲೆ. ಇಂದೂ ಹೊಗೆಯ ಹೃದಯ ಮೂಡುತ್ತದೆ, ಮಕ್ಕಳು ಕೇಕೆ ಹಾಕುತ್ತಾರೆ. ಆದರೆ ಅದನ್ನು ಎಲ್ಲಿ, ಎಷ್ಟು ದೂರದಲ್ಲಿ ಬರೆಯಬೇಕೆಂಬುದನ್ನು ಮೊದಲೇ ಅಳೆದಿರುತ್ತಾರೆ.

ಆಕಾಶದಲ್ಲಿ ಇಷ್ಟು ಅಳತೆ. ನೆಲದ ಮೇಲೆ? ಇಲ್ಲಿ ನಾನು ಪೂರ್ತಿ ನಿಮ್ಮ ಪರ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದಲ್ಲಿ ವಾಯುಪಡೆಯ ಪ್ರದರ್ಶನವಿತ್ತು. ಹೊತ್ತು ಬೆಳಗ್ಗೆ 11ರಿಂದ ಮಧ್ಯಾಹ್ನ 1 ಗಂಟೆ, ನೆತ್ತಿ ಸುಡುವ ಬಿಸಿಲು, ಲಕ್ಷಗಟ್ಟಲೆ ಜನ. ಕುಡಿಯುವ ನೀರಿಗೆ ಪರದಾಟ, ಮನೆಗೆ ಮರಳುವ ರೈಲಿಗೆ ನೂಕುನುಗ್ಗಲು. ಮೇಲೆ ವಿಮಾನಗಳಿಗೆ ಏನೂ ಆಗಲಿಲ್ಲ. ನೋಡಲು ಬಂದವರಲ್ಲಿ ಐವರು ಸತ್ತರು. ಬನ್ನಿಮಂಟಪದ ಗೇಟಿನಲ್ಲಿ ಮೊಮ್ಮಗಳ ಕೈ ಹಿಡಿದು ನೀವು ನಿಂತಿದ್ದ ನೂಕಾಟವೂ ಇದೇ ಜಾತಿಯದು. ಕುರ್ಚಿಗಳಿಗಿಂತ ಹೆಚ್ಚು ಪಾಸ್ ಹಂಚಿ, ಕಡೆಗಳಿಗೆಯಲ್ಲಿ ಬಾಗಿಲು ಹಾಕಿಕೊಳ್ಳುವ ಚಾಳಿ ನಮ್ಮಲ್ಲಿ ಹಳೆಯದು. ಪಾಸಿಗಾಗಿ ಪರಿಚಯದವರ ಬೆನ್ನು ಬೀಳುವ ಚಾಳಿಯೂ ಅಷ್ಟೇ ಹಳೆಯದು, ಪತ್ರಕರ್ತರೂ ಸೇರಿ.

ನನಗೆ ಅರ್ಥವಾಗದ ಸಂಗತಿಯೆಂದರೆ, ಈ ಆಟವನ್ನು ಮೈದಾನದ ಕಾಂಪೌಂಡಿನೊಳಗೆ ಏಕೆ ಕೂಡಿಹಾಕಬೇಕು? ಪ್ಯಾರಾಚೂಟ್ ಜಿಗಿತಕ್ಕಾದರೆ ಮೈದಾನ ಬೇಕು, ಒಪ್ಪೋಣ. ಇಳಿಯುವವರನ್ನು ಹತ್ತಿರದಿಂದ ನೋಡುವುದೇ ಚೆಂದ. ಒಂಬತ್ತು ಜೆಟ್‌ಗಳು ಬರೆಯುವ ಚಿತ್ತಾರಕ್ಕೆ ಪಾಸ್ ಏತಕ್ಕೆ? ಅರ್ಧ ಊರಿಗೇ ಕಾಣುತ್ತದೆ. ಸಮಯವನ್ನೂ ದಿಕ್ಕನ್ನೂ ಮುಂಚಿತವಾಗಿ ಪ್ರಕಟಿಸಲಿ. ಊರಿನ ಇನ್ನೂ ಕೆಲವು ಮೈದಾನಗಳನ್ನು ತೆರೆದಿಟ್ಟು ನೀರು, ನೆರಳು, ಶೌಚಾಲಯ ಒದಗಿಸಲಿ. ಜಂಬೂ ಸವಾರಿಯ ವೀಕ್ಷಕ ವಿವರಣೆ ಕೊಡುವ ಆಕಾಶವಾಣಿ ಇದಕ್ಕೂ ಕೊಡಲಿ. ಯಾವ ವಿಮಾನ ಯಾವ ಕಡೆಯಿಂದ ಬರುತ್ತಿದೆ ಎಂದು ತಾರಸಿಯ ಮೇಲೆ ಕುಳಿತವರಿಗೂ ತಿಳಿಯುತ್ತದೆ, ಗೇಟಿನ ಭಾರವೂ ಇಳಿಯುತ್ತದೆ.

ಆನೆಗಳ ಚಿಂತೆ ಬಿಡಿ ಎನ್ನಲಾರೆ, ಆದರೆ ಅವು ನಾವು ತಿಳಿದಷ್ಟು ಪುಕ್ಕಲಲ್ಲ. ದಸರೆಯಲ್ಲಿ ಹಾರಿಸುವ ಕುಶಾಲತೋಪಿನ ಸದ್ದಿಗೆ ಅವನ್ನೂ ಕುದುರೆಗಳನ್ನೂ ಪ್ರತಿ ವರ್ಷ ಒಗ್ಗಿಸುತ್ತಾರೆ. ಪೈಲಟ್‌ಗಳ ನಿಜವಾದ ತಲೆನೋವು ವಿಮಾನಕ್ಕೆ ಬಂದು ಬಡಿಯುವ ಹದ್ದು. ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ದಿನಗಳಲ್ಲಿ ಸುತ್ತಮುತ್ತಲ ಮಾಂಸದಂಗಡಿಗಳನ್ನು ಮುಚ್ಚಿಸುವುದು ಅದಕ್ಕಾಗಿಯೇ.

ಇನ್ನು ಮೊಮ್ಮಗಳು. ಹೆಣ್ಣುಮಗಳಿಗೆ ಇದೆಲ್ಲ ಆದೀತೇ ಎಂದು ಕೇಳಿದ್ದೀರಿ. ನವಿಲಿನ ಬಣ್ಣ ಬಳಿದ ಧ್ರುವ್ ಹೆಲಿಕಾಪ್ಟರುಗಳ ಸಾರಂಗ್ ತಂಡದಲ್ಲಿ ದೀಪಿಕಾ ಮಿಶ್ರಾ ಆಗಲೇ ಹಾರಿದ್ದಾರೆ. 2016ರಿಂದ ಯುದ್ಧ ವಿಮಾನಗಳಲ್ಲೂ ಹೆಣ್ಣುಮಕ್ಕಳಿದ್ದಾರೆ. ಸೇನಾಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಎನ್‌ಡಿಎ ಅಕಾಡೆಮಿಯ ಬಾಗಿಲು 2022ರಲ್ಲಿ ಅವರಿಗೆ ತೆರೆಯಿತು; ಪ್ರವೇಶ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆರಡು ಸಲ ನಡೆಸುತ್ತದೆ. ವಾಯುಪಡೆಗಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಲಿಖಿತ ಪರೀಕ್ಷೆ ದಾಟಿದವರನ್ನು ಸಂದರ್ಶಿಸುವ ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ದೇಶದ ಮೂಲೆ ಮೂಲೆಯಿಂದ ಹುಡುಗರು, ಹುಡುಗಿಯರು ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಒಂದು ಎಚ್ಚರಿಕೆ: ವಿಮಾನ ಹಾರಿಸುವ ಸಹಜ ಸಾಮರ್ಥ್ಯ ಅಳೆಯುವ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾದರೆ ಪೈಲಟ್ ಆಗಲು ಎರಡನೆಯ ಅವಕಾಶವಿಲ್ಲ. ತಯಾರಿಯಿಲ್ಲದೆ ಸುಮ್ಮನೆ ನೋಡಿಬರೋಣವೆಂದು ಹೋಗುವ ಪರೀಕ್ಷೆ ಅದಲ್ಲ.

ಅವಳಿಗೆ ಗಣಿತದಲ್ಲಿ ಎಷ್ಟು ಅಂಕ ಬರುತ್ತಿದೆ ಎಂದು ನೀವು ಬರೆದಿಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.

– ಸಂ.