ಬ್ರಿಟನ್ನಿನ ಸೆಕ್ಷನ್ 28 ಕಾನೂನು ಗೊತ್ತಿಲ್ಲದೆ ‘ರೆಬೆಲ್ ಡೈಕ್ಸ್’ ಸಾಕ್ಷ್ಯಚಿತ್ರ ನೋಡಿದರೆ ಅರ್ಥವಾಗುತ್ತದೆಯೇ?

ಅರ್ಧ ಅರ್ಥವಾಗುತ್ತದೆ. 2021ರ ಈ ಚಿತ್ರ 1980ರ ದಶಕದ ಲಂಡನ್ನಿನ ಲೆಸ್ಬಿಯನ್ ಪಂಕ್ ಹೆಣ್ಣುಮಕ್ಕಳದ್ದು. ಗ್ರೀನ್‌ಹ್ಯಾಮ್ ಕಾಮನ್‌ನ ಅಣ್ವಸ್ತ್ರ ವಿರೋಧಿ ಶಿಬಿರದಲ್ಲಿ ಜೊತೆಯಾದ ಹಲವರು ಆಮೇಲೆ ಲಂಡನ್ನಿನ ಖಾಲಿ ಮನೆಗಳನ್ನು ಹೊಕ್ಕು ಬಾಡಿಗೆಯಿಲ್ಲದೆ ಬದುಕಿದರು. ‘ಚೈನ್ ರಿಯಾಕ್ಷನ್’ ಎಂಬ ಲೆಸ್ಬಿಯನ್ ಎಸ್-ಎಂ (ಒಪ್ಪಿಗೆಯ ನೋವು-ಅಧಿಕಾರದ ಲೈಂಗಿಕ ಆಟಗಳ) ಕ್ಲಬ್ಬಿನ ಮೇಲೆ ಕೆಲ ಸ್ತ್ರೀವಾದಿಗಳೇ ಮುಗಿಬಿದ್ದ ಭಾಗವನ್ನು ತಪ್ಪದೆ ನೋಡಿ. ಚಿತ್ರದ ನಿಜವಾದ ಖಾರ ಇರುವುದು ಅಲ್ಲಿ.

ಇನ್ನು ಸೆಕ್ಷನ್ 28: ಸ್ಥಳೀಯ ಆಡಳಿತಗಳು ಸಲಿಂಗಪ್ರೇಮವನ್ನು ‘ಉತ್ತೇಜಿಸ’ಬಾರದು ಎಂಬ ಥ್ಯಾಚರ್ ಕಾಲದ ಕಾನೂನು. ಅದನ್ನು ವಿರೋಧಿಸಿ 1988ರ ಫೆಬ್ರವರಿ 2ರಂದು ಹೋರಾಟಗಾರ್ತಿಯರು ಬಟ್ಟೆ ಒಣಹಾಕುವ ಹಗ್ಗವನ್ನು ಗುಟ್ಟಾಗಿ ಒಯ್ದು, ಗ್ಯಾಲರಿಗೆ ಕಟ್ಟಿ, ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯೊಳಕ್ಕೇ ಇಳಿದರು. ಜಾರಿಯ ಹಿಂದಿನ ಸಂಜೆ, ಮೇ 23ರಂದು, ಬಿಬಿಸಿಯ ಆರು ಗಂಟೆಯ ನೇರ ವಾರ್ತೆಗೆ ನುಗ್ಗಿದರು. ವಾಚಕಿ ವಾರ್ತೆ ಓದುತ್ತಲೇ ಇದ್ದರು. ಪಕ್ಕದ ವಾಚಕ ನುಗ್ಗಿದವರಲ್ಲಿ ಒಬ್ಬಾಕೆಯ ಮೇಲೆ ಕೂತು ಬಾಯಿ ಮುಚ್ಚಿಸುತ್ತಿದ್ದರು! ಇಂಗ್ಲೆಂಡಿನಲ್ಲಿ ಆ ಕಾನೂನು ಹೋದದ್ದು 2003ರಲ್ಲಿ.