ನೇಪಾಳಕ್ಕೆ ವೀಸಾ ಬೇಡ, ಆದರೂ ಅದು ಪರದೇಶವೇ

ರಿಟೈರ್ ಆದ ಮೇಲೆ ಹೆಂಡತಿ ಜೊತೆ ಕಠ್ಮಂಡುವಿಗೆ ಬಂದು ಇರಬೇಕು, ಸಿಕ್ಕರೆ ಸಣ್ಣ ಕೆಲಸವನ್ನೂ ಮಾಡಬೇಕು, ಏನೇನು ತಯಾರಿ ಬೇಕು ಅಂತ ಕೇಳಿದ್ದೀರಿ. 'ವೀಸಾನೇ ಬೇಡವಲ್ಲ, ಇನ್ನೇನು ಕಷ್ಟ' ಅಂತಲೂ ಬರೆದಿದ್ದೀರಿ. 2019ರಲ್ಲಿ ನಾನೂ ಹೀಗೇ ಅಂದುಕೊಂಡು ಬಂದವನು ಸರ್.

ಭಾರತ-ನೇಪಾಳದ 1950ರ ಒಪ್ಪಂದದಿಂದಾಗಿ ನಮಗೆ ಇಲ್ಲಿ ವೀಸಾ ಬೇಡ, ಅದು ನಿಜ. ಆದರೆ ವಿಮಾನದಲ್ಲಿ ಬರುವುದಾದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಲಿ, ಬರೀ ಆಧಾರ್ ನಂಬಿ ಹೊರಡಬೇಡಿ. ಗಡಿ ಇಷ್ಟು ಸಲೀಸು ಅಂದಮೇಲೆ ಬ್ಯಾಂಕು, ಫೋನು, ವಿಮೆ ಎಲ್ಲವೂ ಸಲೀಸು ಅಂದುಕೊಳ್ಳುತ್ತೇವೆ. ಎಡವುವುದು ಅಲ್ಲೇ.

ನನಗೆ ಮೊದಲು ಕೈಕೊಟ್ಟದ್ದು ಸಿಮ್. ರೋಮಿಂಗ್ ಹಾಕಿಸದೆ ಬಂದಿದ್ದೆ. ದುಡ್ಡು ಕಳಿಸಿಕೊಳ್ಳಲು ಒಟಿಪಿ ಬೇಕು, ಒಟಿಪಿ ಬರುವ ಸಿಮ್‌ಗೆ ಸಿಗ್ನಲ್ಲೇ ಇಲ್ಲ. ರೋಮಿಂಗ್ ಹಾಕಿಸೋಣ ಅಂದರೆ ಅದಕ್ಕೂ ಒಟಿಪಿ! ಜೇಬಿನಲ್ಲಿ 500ರ ನೋಟುಗಳಿದ್ದವು. ಆಗ ಇಲ್ಲಿ ನಮ್ಮ 100ರ ನೋಟಿನವರೆಗೆ ಮಾತ್ರ ನಡೆಯುತ್ತಿತ್ತು. ಪಿಂಚಣಿ ಅಲ್ಲಿ ಜಮಾ ಆಗುತ್ತಿದೆ, ಮನೆ ಓನರ್ ಇಲ್ಲಿ ಬಾಗಿಲು ತಟ್ಟುತ್ತಿದ್ದಾರೆ. ಮೊದಲ ತಿಂಗಳ ಬಾಡಿಗೆ ಪಕ್ಕದ ಮನೆಯವರಿಂದ ಕೈಸಾಲ ತಂದು ಕೊಟ್ಟೆ. ನೋಟಿನ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ಒಮ್ಮೆ ವಿಚಾರಿಸಿಕೊಳ್ಳಿ. 2024ರಿಂದ ಅಂಗಡಿಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನಮ್ಮ ಯುಪಿಐಯಿಂದಲೇ ಕೊಡಬಹುದು. (ಆ ಕ್ಯೂಆರ್ ಮೇಲೆ ಫೋನ್‌ಪೇ ಅಂತ ಇರುತ್ತದೆ. ಅದು Fonepay ಅನ್ನುವ ಇಲ್ಲಿನ ಕಂಪನಿ, ನಮ್ಮ PhonePe ಅಲ್ಲ.) ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಇಲ್ಲಿನ 160.

ಆರೋಗ್ಯ ವಿಮೆಯ ಪಾಲಿಸಿಯನ್ನು ತೆಗೆದು ಓದಿ. ನಮ್ಮಲ್ಲಿನ ಹೆಚ್ಚಿನ ಪಾಲಿಸಿಗಳು ದೇಶದ ಹೊರಗಿನ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ಈ ವಯಸ್ಸಿನಲ್ಲಿ ನಮಗೆ ಮಿಕ್ಕೆಲ್ಲಕ್ಕಿಂತ ಇದೇ ಮುಖ್ಯ ಅಲ್ವಾ? ಕೆಲಸಕ್ಕೆ ಸೇರಿದರೆ ಇಲ್ಲಿನ ಪ್ಯಾನ್ ಬೇರೆ ಮಾಡಿಸಬೇಕು. ಜಾಗ ಕೊಳ್ಳುವ ಆಸೆ ಬಿಡಿ, ವಿದೇಶಿಯರ ಹೆಸರಿಗೆ ಇಲ್ಲಿ ಜಮೀನು ಆಗುವುದಿಲ್ಲ. 'ನನ್ನ ಹೆಸರಲ್ಲಿ ತಗೊಳ್ಳಿ' ಅನ್ನುವ ಸ್ನೇಹಿತರು ಸಿಗುತ್ತಾರೆ, ನಕ್ಕು ಸುಮ್ನಿದ್ದುಬಿಡಿ.

ಬಾಡಿಗೆ ಮನೆ ನೋಡುವಾಗ 2015ರ ಭೂಕಂಪದಲ್ಲಿ ಗೋಡೆ ಬಿರುಕು ಬಿಟ್ಟಿತ್ತಾ, ಆಮೇಲೆ ಏನು ರಿಪೇರಿ ಮಾಡಿಸಿದರು ಅಂತ ನೇರವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕರಾರಿನಲ್ಲಿ ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಮೊದಲ ಕರಾರಿನಲ್ಲಿ 2076 ಅಂತ ಇತ್ತು! ಇಲ್ಲಿ ವಿಕ್ರಮ ಶಕೆಯ ಲೆಕ್ಕ, ನಮಗಿಂತ ಸುಮಾರು 57 ವರ್ಷ ಮುಂದೆ. ಗಡಿಯಾರವೂ 15 ನಿಮಿಷ ಮುಂದೆ.

ಭಾಷೆಯ ಚಿಂತೆ ಬೇಡ, ಹಿಂದಿ ನಡೆಯುತ್ತದೆ. ದೊಡ್ಡವರನ್ನು 'ದಾಯಿ' (ಅಣ್ಣ), 'ದಿದಿ' (ಅಕ್ಕ) ಅಂತ ಕರೆದರೆ ಮುಖವೇ ಅರಳುತ್ತದೆ. ಕನ್ನಡ ಕೇಳಬೇಕು ಅನಿಸಿದಾಗ ಪಶುಪತಿನಾಥನ ಗುಡಿಗೆ ಹೋಗಿ, ಅಲ್ಲಿನ ಭಟ್ಟರಲ್ಲಿ ನಮ್ಮ ಕರಾವಳಿಯವರಿದ್ದಾರೆ.

ಊರಿನಲ್ಲಿರುವ ನಿಮ್ಮ ಮನೆಯನ್ನು ಮಾತ್ರ ಈಗಲೇ ಖಾಲಿ ಮಾಡಬೇಡಿ. ಅಕ್ಟೋಬರ್‌ನಲ್ಲಿ ಬಂದು, ಆಕಾಶ ತಿಳಿಯಾಗಿ ಹಿಮದ ಬೆಟ್ಟ ಕಾಣುವುದನ್ನು ನೋಡಿ ಎಲ್ಲರೂ ಮಾರುಹೋಗುತ್ತಾರೆ. ನೀವು ಮಾರ್ಚ್‌ನಲ್ಲಿ ಬನ್ನಿ. ಆಗ ಧೂಳು, ಕಾಡ್ಗಿಚ್ಚಿನ ಹೊಗೆ, ಎದುರಿನ ಗುಡ್ಡವೂ ಕಾಣದ ದಿನಗಳಿರುತ್ತವೆ. ನಿಮ್ಮ ಮನೆಯವರಿಗೆ ಉಬ್ಬಸ ಇದೆ ಅಂದಿದ್ದೀರಲ್ಲ, ಒಂದು ತಿಂಗಳು ಆ ಗಾಳಿಯಲ್ಲಿ ಇದ್ದು ನೋಡಲಿ. ಅವರಿಗೆ ಒಗ್ಗಿದರೆ ಮನೆ ಹುಡುಕಲು ನಾನೇ ಜೊತೆಗೆ ಬರುತ್ತೇನೆ.